ಬದನೆ ಬಣ್ಣದ ಚುಕ್ಕೆ

“ಕತ್ತರಿಸಿದ್ದು ನಾನಲ್ಲ. ಬೇಕಿದ್ರೆ ನನ್ನ ಇಕ್ಕಳಗಳನ್ನೆಲ್ಲ ಮೂಸಿ ನೋಡ್ಕೊಳ್ಳಿ!”

ಹೀಗೆ ಗುಡುಗಿದ ಡಬಲ್ ಸಾಹೇಬರು ತಮ್ಮ ಸಲಕರಣೆಯ ಪೆಟ್ಟಿಗೆಯನ್ನು ಯಜಮಾನರ ಮೇಜಿನ ಮೇಲೆ ಮಗುಚಿಯೇಬಿಟ್ಟರು. ಇಕ್ಕಳ, ಚಿಮುಟ, ಕತ್ತರಿಗಳು ಭೂಕಂಪವಾದಂತೆ ಉರುಳಿದವು. ನಾನು ಒಂದೊಂದನ್ನೇ ಎತ್ತಿ ಮೂಸಿದೆ. ಮೂಸಿದರೆ ಪತ್ತೆಯಾಗುವಂಥದ್ದು ಏನೂ ಇರಲಿಲ್ಲ. ಆದರೆ ದೊಡ್ಡ ಮನುಷ್ಯರು ಬಾಯಿಬಿಟ್ಟು ಕೇಳಿಕೊಂಡಾಗ ಇಲ್ಲ ಎನ್ನುವುದು ನನ್ನ ಜಾಯಮಾನವಲ್ಲ.

ನನ್ನ ಮೂಗಿನ ವಿಷಯ ಲೋಕಕ್ಕೇ ಗೊತ್ತು. ಆಚೆ ಬೀದಿಯಲ್ಲಿ ಯಾರಾದರೂ ಸುಳ್ಳು ಹೇಳಿದರೆ ಈಚೆ ಬೀದಿಯಲ್ಲಿ ನನಗೆ ಸೀನು ಬರುತ್ತದೆ. ಮದುವೆ ಮಾತುಕತೆಗಳಿಗೆ ನನ್ನನ್ನು ಕರೆಯುವುದನ್ನೇ ಜನ ಬಿಟ್ಟಿರುವುದು ಆ ಕಾರಣಕ್ಕೆ. ಅಂಥ ಮೂಗು ಅವತ್ತು ಬೆಳಗಿನಿಂದ ಒಮ್ಮೆಯೂ ತುರಿಸಿರಲಿಲ್ಲ. ಅದೇ ನನ್ನ ಚಿಂತೆ.

“ಗೂಬಕ್ಕ, ನಿಮ್ಮ ಮೂಗು ಇವತ್ತು ರಜಾನಾ?” ಕಿಟಕಿಯ ಬಳಿ ಕುಳಿತಿದ್ದ ನರ್ಸಮ್ಮ ಕೇಳಿದಳು. ನನ್ನ ದುಂಡು ಕನ್ನಡಕಕ್ಕೆ ಜನ ಇಟ್ಟ ಈ ಹೆಸರನ್ನು ನನ್ನ ಮುಖಕ್ಕೇ ಹೇಳುವ ಎದೆ ಇಡೀ ಊರಿನಲ್ಲಿ ಅವಳೊಬ್ಬಳಿಗೇ ಇತ್ತು.

ಗೊತ್ತಿಲ್ಲದವರಿಗೆ ಒಂದೇ ಮಾತು: ಈ ಕಾರ್ಖಾನೆಯ ವಿನ್ಯಾಸಗಾರ್ತಿ ತೀರಿಕೊಂಡ ಮೇಲೆ, ಅವಳ ಕೊನೆಯ ಎಂಡೋಸ್ಕೋಪನ್ನು ಆಸ್ಪತ್ರೆಯವರ ಮುಂದೆ ತೋರಿಸುತ್ತಿದ್ದಾಗ ಅದರ ತಂತಿ ಪಟ್ಟನೆ ಹರಿಯಿತು; ಯಾರೋ ಬೇಕೆಂದೇ ಕತ್ತರಿಸಿದ್ದಾರೆ ಎಂದು ಹಟ ಹಿಡಿದು, ಪತ್ತೆ ಮಾಡಲು ನನ್ನನ್ನು ಕರೆಸಿದವಳು ಅವಳ ತಂಗಿ, ಈ ನರ್ಸಮ್ಮ.

ಕೋಣೆಯಲ್ಲಿ ನಾವು ಐದೇ ಜನ. ಕಾರ್ಖಾನೆಯ ಯಜಮಾನರು. ಹಿರಿಯ ವಿನ್ಯಾಸಕರಾದ ಡಬಲ್ ಸಾಹೇಬರು. ಮನೆಗೆ ಬೀಗ ಹಾಕಿ ಎಳೆದು ನೋಡಿ, ಬೀದಿಯ ತುದಿಯಿಂದ ವಾಪಸ್ ಬಂದು ಮತ್ತೊಮ್ಮೆ ಎಳೆದು ನೋಡುವ ಜೀವ ಅದು, ಅದಕ್ಕೇ ಆ ಹೆಸರು. ನರ್ಸಮ್ಮ. ನಾನು. ಇನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ಯಾರೋ ಇಟ್ಟು ಮರೆತುಹೋದ ಗಂಟಿನಂತೆ, ಜೋಡಣೆಗಾರ. ತೀರಿಹೋದವಳ ಗಂಡ.

ಗಡಿಯಾರ ನಿಂತುಹೋಯಿತು ಅನ್ನುವಷ್ಟು ಮೌನ ಎಂದು ನಾನು ಬರೆದರೆ ನೀವು ನಂಬುವುದಿಲ್ಲ. ನಂಬಬೇಡಿ. ಅದು ನಿಂತು ವರ್ಷವಾಗಿತ್ತು.

“ನೋಡೀಮ್ಮ,” ಯಜಮಾನರು ಹಣೆ ಒತ್ತಿಕೊಂಡರು. “ಸಂಜೆ ಆಸ್ಪತ್ರೆಯವರು ಫೋನ್ ಮಾಡ್ತಾರೆ. ಯಾರೋ ಕೈ ಹಾಕಿ ಕೆಡಿಸಿದ್ದು ಅಂತ ಗೊತ್ತಾದ್ರೆ ಇನ್ನೊಂದು ಸಲ ನೋಡ್ತಾರೆ. ತಾನಾಗೇ ಹರೀತು ಅಂದ್ರೆ ಆ ಹುಡುಗಿ ಮಾಡಿದ ಮಾದರಿ ಅಲ್ಲಿಗೆ ಮುಗೀತು. ಮತ್ತೆ ಹಳೇದೇ ಗತಿ.”

ಹಳೆಯದೆಂದರೆ ಏನೆಂದು ಹೇಳಿಬಿಡುತ್ತೇನೆ. ನಾನು ಹೇಳಿದರೆ ಕಲ್ಲಿಗೂ ಅರ್ಥವಾಗುತ್ತದೆ. ಎಂಡೋಸ್ಕೋಪ್ ಎಂದರೆ ಬಾಯಿಯಿಂದ ಹೊಟ್ಟೆಗೆ ಇಳಿಸಿ ನೋಡುವ ಕೊಳವೆ. ತುದಿಯಲ್ಲಿ ಕಡಲೆಯಷ್ಟು ಕಣ್ಣು. ಆ ತುದಿ ಒಳಗೆ ಹಾವಿನ ಹೆಡೆಯಂತೆ ಆಚೀಚೆ ತಿರುಗಬೇಕು. ಡಬಲ್ ಸಾಹೇಬರ ಮಾದರಿಯಲ್ಲಿ ಅದಕ್ಕೆ ಹಿಡಿಯಲ್ಲಿ ಎರಡು ಚಕ್ರ, ಒಂದೊಂದು ದಿಕ್ಕಿಗೆ ಒಂದೊಂದು ತಂತಿ, ತುದಿಯಲ್ಲಿ ಎಳ್ಳಿನಂಥ ಆಣಿಗಳಿಂದ ಪೋಣಿಸಿದ ಉಂಗುರಗಳ ಸರ. ಕೆಟ್ಟರೆ ದುರಸ್ತಿಗೆ ಕಳಿಸಬೇಕು. ಕಳಿಸಿದರೆ, ನಿಮ್ಮ ತಲೆ ನರೆಯುವ ಹೊತ್ತಿಗೆ ವಾಪಸ್ ಬರುತ್ತದೆ.

ವಿನ್ಯಾಸಗಾರ್ತಿ ಈ ಸಂಸಾರವನ್ನೆಲ್ಲ ಬೀದಿಗೆ ಎಸೆದಿದ್ದಳು. ಒಂದೇ ಚಕ್ರ, ಒಂದೇ ರಾಟೆ, ತುದಿಯ ತನಕ ಹೋಗಿ ತಿರುಗಿ ಬರುವ ಒಂದೇ ತಂತಿ. ಮೇಲೆ ಕೆಳಗೆ ಬಗ್ಗಲು ಚಕ್ರ. ಪಕ್ಕಕ್ಕೆ ನೋಡಬೇಕಾದರೆ ಡಾಕ್ಟರು ತಮ್ಮ ಮಣಿಕಟ್ಟು ಹೊರಳಿಸಿದರಾಯಿತು. ಉಂಗುರಗಳ ಜಾಗದಲ್ಲಿ ಸೀಳು ಕೊಯ್ದ ಒಂದು ತುಂಡು ನಳಿಕೆ.

“ಅಮ್ಮನ ಹೊಟ್ಟೇಲಿ ರಕ್ತ ಸೋರೋಕೆ ಶುರುವಾದಾಗ ನಮ್ಮ ಆಸ್ಪತ್ರೆ ಕೊಳವೆ ರಿಪೇರಿಗೆ ಹೋಗಿತ್ತು,” ಎಂದಳು ನರ್ಸಮ್ಮ. “ಕಣ್ಣೆದುರಿಗೇ ಹೋದ್ಲು. ಅಕ್ಕ ಅವತ್ತು ಹಿಡಿದ ಹಟ ಇದು. ತಂತಿ ಇರೋದೇ ಸವೆಯೋಕೆ ಕಣೇ, ಸವೆದದ್ದನ್ನ ಯಾರು ಬೇಕಾದ್ರೂ ಕಿತ್ತೆಸೆದು ಹೊಸದು ಹಾಕೋ ಹಾಗಿರ್ಬೇಕು ಅಂತಿದ್ಲು. ಒಂದು ಹಳೇ ತಂತಿ ಕೈಗೆ ಕೊಟ್ಟು ಪರೀಕ್ಷೆಗೆ ನನ್ನನ್ನೇ ಕೂರಿಸಿದ್ಲು. ನನ್ನ ಮೊದ್ದು ತಂಗಿಗೆ ಬಂದ್ರೆ ಲೋಕಕ್ಕೇ ಬರತ್ತೆ ಅಂತ.”

“ಬಂತಾ?”

“ಕಾಫಿ ಆರೋದ್ರೊಳಗೆ ಹಾಕಿ ತೋರಿಸ್ದೆ!” ಎಂದು ನಕ್ಕವಳು, ನಕ್ಕಿದ್ದಕ್ಕೆ ತಾನೇ ನಾಚಿದಂತೆ ಭಾವನ ಕಡೆ ನೋಡಿದಳು. ಚಪ್ಪಲಿಯೊಳಗೆ ಅವಳ ಬಲಗಾಲಿನ ಹೆಬ್ಬೆರಳಿನ ಉಗುರು ಬದನೆಕಾಯಿ ಬಣ್ಣದಲ್ಲಿ ಮಿಂಚಿತು. ಅದೊಂದೇ ಉಗುರು. ಆಸ್ಪತ್ರೆಯಲ್ಲಿ ಕೈಗೆ ಬಣ್ಣ ಹಚ್ಚುವಂತಿಲ್ಲ; ವಯಸ್ಸಿನ ಹುಡುಗಿಯ ಆಸೆ ಕಾಲಿಗೆ ಇಳಿದಿದೆ ಎಂದುಕೊಂಡೆ.

ಆಮೇಲೆ ಭೂತಗನ್ನಡಿ ತೆಗೆದೆ. ಈ ಕನ್ನಡಿಯಲ್ಲಿ ನಾನು ಇರುವೆಯ ಹುಬ್ಬು ಗಂಟಿಕ್ಕಿದ್ದನ್ನೂ ನೋಡಿದ್ದೇನೆ.

ಸೀಳು ನಳಿಕೆಯಿಂದ ಹರಿದ ತಂತಿಯ ತುದಿ ಹೊರಗೆ ಇಣುಕುತ್ತಿತ್ತು. ಕೂದಲಿನಂಥ ಎಳೆಗಳನ್ನು ಸೇರಿಸಿ ಹುರಿ ಮಾಡಿದ ತಂತಿ ಅದು. ಇಕ್ಕಳ ತಾಗಿದ್ದರೆ ಎಲ್ಲ ಎಳೆಗಳೂ ಒಂದೇ ಮಟ್ಟಕ್ಕೆ ತುಂಡಾಗಿರಬೇಕಿತ್ತು. ಇಲ್ಲಿ ತುದಿ ಹಳೆಯ ಪೊರಕೆಯಂತೆ ಕೆದರಿತ್ತು: ಒಂದೆಳೆ ಗಿಡ್ಡ, ಒಂದೆಳೆ ಉದ್ದ, ಒಂದೆಳೆ ಸವೆದು ಜೇಡನ ಬಲೆಯಷ್ಟು ತೆಳ್ಳಗೆ.

“ಸಾಹೇಬರೇ, ನೀವೇ ನೋಡಿ.”

ಡಬಲ್ ಸಾಹೇಬರು ನೋಡಿದರು. ಮತ್ತೆ ನೋಡಿದರು, ಅಭ್ಯಾಸಬಲ. “ಇದು ಯಾರೂ ಕತ್ತರಿಸಿದ್ದಲ್ಲ. ಒಂದೊಂದೇ ಎಳೆ ಸತ್ತು ಸತ್ತು ಕೊನೆಗೆ ಹರಿದಿದೆ. ಮುದಿ ತಂತಿ.”

ತಮ್ಮ ಮೇಲಿನ ಆಪಾದನೆ ಕಳೆದರೂ ಅವರ ಮುಖದಲ್ಲಿ ಗೆಲುವಿರಲಿಲ್ಲ. ನಿಜವಾಗಿಯೂ ಅವತ್ತು ಅವರ ಮೀಸೆ ನೆಲ ಮುಟ್ಟುವಷ್ಟು ಜೋತುಬಿದ್ದಿತ್ತು.

“ಮುದಿ ತಂತಿ ಹೇಗಾಗತ್ತೆ?” ಯಜಮಾನರು ಕೇಳಿದರು. “ಹೊರಗಿನೋರಿಗೆ ತೋರಿಸೋ ಮುಂಚೆ ಹೊಸ ತಂತಿ ಹಾಕೋದು ಇಲ್ಲಿನ ಪದ್ಧತಿ. ನನ್ನಪ್ಪನ ಕಾಲದಿಂದಲೂ ತಪ್ಪಿಲ್ಲ.”

ನಾವೆಲ್ಲ ಬಾಗಿಲ ಪಕ್ಕದ ಸ್ಟೂಲಿನ ಕಡೆ ತಿರುಗಿದೆವು.

ನಾನು ಎಂತೆಂಥವರನ್ನೋ ಬಾಯಿಬಿಡಿಸಿದ್ದೇನೆ. ನನ್ನ ಒಂದು ನೋಟಕ್ಕೆ ಕಳ್ಳನೊಬ್ಬ ಕದಿಯದಿದ್ದ ಮಾಲನ್ನೂ ಒಪ್ಪಿಸಿ ಹೋಗಿದ್ದುಂಟು. ಆದರೆ ಈ ಮನುಷ್ಯನ ಎದುರು ನನ್ನ ಸ್ಟೂಲನ್ನು ಎಳೆದುಕೊಂಡು ಕೂತಾಗ ಆ ನೋಟ ಬೀರಲು ನನಗೇ ಮನಸ್ಸು ಬರಲಿಲ್ಲ. ಅವನ ಅಂಗಿಯ ಗುಂಡಿಗಳು ಒಂದು ಮನೆ ತಪ್ಪಿ ಮೇಲಕ್ಕೆ ಹೋಗಿದ್ದವು. ಹೇಳುವವರು ಮನೆಯಲ್ಲಿ ಇಲ್ಲ.

“ತಮ್ಮಾ, ಹೊಸ ತಂತಿ ಹಾಕಿದ್ಯಾ?”

ಅವನು ತನ್ನ ಬಲ ಮೊಣಕೈಯನ್ನು ಎಡಗೈಯಿಂದ ಸವರಿಕೊಂಡ.

“ಅವಳು ಎಡಚಿ, ಅಕ್ಕ,” ಎಂದ. ಕೇಳಿದ್ದೊಂದು, ಹೇಳಿದ್ದೊಂದು. “ಕೆಲಸದ ಮೇಜಲ್ಲಿ ನನ್ನ ಬಲಕ್ಕೆ ಕೂರ್ತಿದ್ಲು. ನನ್ನ ಬಲ ಮೊಣಕೈ, ಅವಳ ಎಡ ಮೊಣಕೈ ದಿನಾ ಜಗಳ. ಜಾಗ ಬದಲಾಯಿಸ್ಕೊಳ್ಳಿ ಅಂತ ಎಲ್ರೂ ಹೇಳಿದ್ರು. ನಾನೂ ಬದಲಾಯಿಸಲಿಲ್ಲ, ಅವಳೂ ಬದಲಾಯಿಸಲಿಲ್ಲ.”

ಡಬಲ್ ಸಾಹೇಬರು ಕೆಮ್ಮಿದರು. “ನಾನೇ ಎಷ್ಟೋ ಸಲ ಹೇಳಿದ್ದೆ.”

“ತಂತಿ, ತಮ್ಮಾ.”

“ಕೊನೇ ದಿನ ಅವಳೇ ಹೊಸ ತಂತಿ ಕಟ್ಟಿದ್ಲು. ಮುಚ್ಚಳ ಹಾಕಿ, ತಿರುಪು ಬಿಗಿ ಮಾಡಿ, ಅದರ ತಲೆ ಮೇಲೆ ಗುರುತಿಗೆ ಅವಳ ಬಣ್ಣದ ಚುಕ್ಕೆ ಇಟ್ಲು. ನನ್ನ ಕಡೆ ತಿರುಗಿ, ನೋಡ್ರೀ, ಇನ್ನು ಇದನ್ನ ಯಾರ ಕೈಗೆ ಬೇಕಾದ್ರೂ ಕೊಡಬಹುದು ಅಂದ್ಲು. ಕುಡೀತಿದ್ದ ಕಾಫಿ ಲೋಟ ಮೇಜಿನ ಮೇಲಿಟ್ಲು. ಅದರ ಪಕ್ಕದಲ್ಲೇ ತಲೆ ಇಟ್ಲು. ನಾನು… ತಮಾಷೆಗೆ ಮಲಗಿದ್ದಾಳೆ ಅಂತ ಮೊಣಕೈಲಿ ತಿವಿದೆ, ಅಕ್ಕ.”

ನರ್ಸಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

“ತೋರಿಸೋ ಮುಂಚೆ ತಂತಿ ಬದಲಾಯಿಸ್ಬೇಕಿತ್ತು. ಇಲ್ಲಿ ಎಲ್ರ ಎದುರಿಗೆ ಆಗಲ್ಲ ಅಂತ ಮನೇಗೆ ತಗೊಂಡು ಹೋದೆ. ಊಟದ ಮೇಜಿನ ಮೇಲಿಟ್ಟೆ. ದಿನಾ ತಿರುಪುಳಿ ಕೈಗೆತ್ಕೊಳ್ಳೋದು, ಆ ಚುಕ್ಕೆ ನೋಡೋದು, ಕೆಳಗಿಡೋದು. ಅವಳು ಕಟ್ಟಿದ ಬೇರೆ ತಂತಿಗಳೆಲ್ಲ ಪದ್ಧತಿ ಪ್ರಕಾರ ಗುಜರಿಗೆ ಹೋಗಿಬಿಟ್ಟಿದ್ವು. ಅವಳ ಕೈ ಉಳಿದಿದ್ದು ಅದೊಂದರಲ್ಲೇ. ನಾನು ಬದಲಾಯಿಸಲಿಲ್ಲ ಅಕ್ಕ. ಬದಲಾಯಿಸ್ದೆ ಅಂತ ಸುಳ್ಳು ಹೇಳಿ ತಂದುಕೊಟ್ಟೆ.”

ಅವನು ಎದ್ದು ಯಜಮಾನರ ಮುಂದೆ ನಿಂತ. “ತಪ್ಪು ನಂದು, ಧಣಿ. ನನ್ನನ್ನ ಇವತ್ತೇ ಮನೆಗೆ ಕಳಿಸಿ. ಅವಳ ಮಾದರಿ ಸರಿಯಾಗಿದೆ ಅಂತ ಆಸ್ಪತ್ರೆಯೋರಿಗೆ ಹೇಳಿ.”

ನನ್ನ ವೃತ್ತಿಜೀವನದಲ್ಲಿ ಇದಕ್ಕಿಂತ ಸುಲಭವಾಗಿ ಬಗೆಹರಿದ ಪ್ರಕರಣವಿಲ್ಲ ಎಂದು ಎದೆಯುಬ್ಬಿಸಬೇಕೆನ್ನುವಷ್ಟರಲ್ಲಿ ಡಬಲ್ ಸಾಹೇಬರು ಮೆಲ್ಲಗೆ ಕುರ್ಚಿಯಲ್ಲಿ ಕುಸಿದರು.

“ಅಯ್ಯೋ, ಇದನ್ನ ಯಾಕಪ್ಪ ಹೇಳ್ದೆ ನೀನು?”

“ಯಾಕೆ ಸಾರ್?”

“ಅವಳು ಕಟ್ಟಿದ್ದು ಕೊನೇ ದಿನ. ಆಮೇಲೆ ಚಕ್ರ ಯಾರೂ ತಿರುಗಿಸಿಲ್ಲ. ಅಂದ್ರೆ ಅದು ಹೆಚ್ಚುಕಮ್ಮಿ ಹೊಸ ತಂತಿ.” ಅವರ ದನಿ ಇಳಿಯಿತು. “ಹೊಸ ತಂತಿ ಒಂದೇ ಪ್ರದರ್ಶನದಲ್ಲಿ ಹೀಗೆ ಮುದಿಯಾಗಿ ಸತ್ತಿದೆ ಅಂದ್ರೆ, ಆ ಸೀಳಿನ ಅಂಚೇ ಅದನ್ನ ಕೊಯ್ದಿರ್ಬೇಕು. ತಪ್ಪು ನಿಂದಲ್ಲ. ಅವಳ ವಿನ್ಯಾಸದ್ದು.”

ಜೋಡಣೆಗಾರ ನಿಂತೇ ಇದ್ದ. ಅವಳನ್ನು ಉಳಿಸಲೆಂದು ಬಾಯಿಬಿಟ್ಟವನು, ಅದೇ ಬಾಯಿಂದ ಅವಳನ್ನು ಎರಡನೇ ಸಲ ಕಳೆದುಕೊಂಡಿದ್ದ.

“ಸಾರ್, ಹಾಗನ್ಬೇಡಿ.”

“ನನಗೆ ಖುಷಿ ಅಂದ್ಕೊಂಡ್ಯಾ?” ಸಾಹೇಬರು ರೇಗಿದರು. “ಮೂವತ್ತು ಕಡೆ ತೂತು ಕೊರೆದು ನಾನು ಮಾಡಿದ್ದನ್ನ ಆ ಹುಡುಗಿ ಒಂದು ಸೀಳಲ್ಲಿ ಮಾಡಿದ್ಲು. ಮನೇಲಿ ನನ್ನ ಹೆಂಡತಿಗೆ ಹೇಳಿದ್ದೆ, ನಾಳೆ ನನ್ನ ಹೊಟ್ಟೇಗೆ ಏನಾದ್ರೂ ಇಳಿಸೋದಾದ್ರೆ ಅವಳದ್ದನ್ನೇ ಇಳಿಸಿ ಅಂತ. ಅವಳ ಎದುರಿಗೆ ಮಾತ್ರ ಒಂದು ಸಲಾನೂ ಹೇಳಲಿಲ್ಲ.”

ಯಜಮಾನರು ಫೋನಿನ ಕಡೆ ನೋಡಿದರು. ನರ್ಸಮ್ಮ ಬಂದು ಭಾವನ ತೋಳು ಹಿಡಿದಳು.

“ಬನ್ನಿ ಭಾವ, ಮನೆಗೆ ಹೋಗೋಣ. ಬೆಳಗಿಂದ ಏನೂ ತಿಂದಿಲ್ಲ ನೀವು. ನಾನು ಅಡುಗೆ ಮಾಡಿಟ್ಟು ಬಂದ್ರೂ ಹಾಗೇ ಇರತ್ತೆ.” ನನ್ನತ್ತ ತಿರುಗಿ, “ಅಕ್ಕನ ಮನೆ ಇನ್ನೊಂದು ಬೀಗದ ಕೈ ನನ್ನ ಹತ್ರಾನೇ ಇದೆ ಗೂಬಕ್ಕ. ಇವರು ಕೆಲಸಕ್ಕೆ ಹೋದಾಗ ಹೋಗಿ ಮಾಡಿಟ್ಟು ಬರ್ತೀನಿ. ತಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ.”

“ಹೋಗೋಣ ಪುಟ್ಟಿ,” ಎಂದ ಅವನು, ಮಗುವಿನಂತೆ. “ನಂಗಿನ್ನು ನೀನೊಬ್ಳೇ ತಾನೇ.”

ಆಗ ನನ್ನ ಕಣ್ಣು ಎಂಡೋಸ್ಕೋಪಿನ ಹಿಡಿಯ ಮೇಲೆ ಬಿತ್ತು.

ಈ ಕಾರ್ಖಾನೆಯಲ್ಲಿ ಮುಚ್ಚಳದ ತಿರುಪು ಬಿಗಿ ಮಾಡಿದವರು ಅದರ ತಲೆಯ ಮೇಲೆ ತಮ್ಮ ಬಣ್ಣದ ಒಂದು ಹನಿ ಇಡುತ್ತಾರೆ. ಆಮೇಲೆ ಯಾರಾದರೂ ಬಿಚ್ಚಿದರೆ ಹನಿ ಬಿರುಕು ಬಿಡುತ್ತದೆ. ಸಾಹೇಬರದು ಕೆಂಪು, ಜೋಡಣೆಗಾರನದು ಹಳದಿ. ಅವಳದು ಬದನೆಕಾಯಿ ಬಣ್ಣ. ಕಾರ್ಖಾನೆಯ ಡಬ್ಬಿಯದಲ್ಲ, ಅವಳ ಸ್ವಂತ ಉಗುರುಬಣ್ಣ. ಪ್ರದರ್ಶನದ ದಿನದಿಂದ ಹಿಡಿ ಯಜಮಾನರ ಕಪಾಟಿನಲ್ಲಿತ್ತು. ಮುಚ್ಚಳ ಯಾರೂ ತೆಗೆದಿರಲಿಲ್ಲ. ಚುಕ್ಕೆ ದುಂಡಗೆ, ನುಣ್ಣಗೆ, ಇಡಿಯಾಗಿತ್ತು.

ಇಡಿಯಾಗಿದೆ ಎಂದಷ್ಟೇ ನೋಡಿ, ಯಾರ ಬಣ್ಣವೆಂದು ಕೇಳದೆ ಎಲ್ಲರೂ ಅದನ್ನು ಬಿಟ್ಟಿದ್ದರು. ನಾನು ಹಾಗೆ ಬಿಡುವವಳಲ್ಲ. ಕನ್ನಡಿ ಇಟ್ಟೆ. ನುಣುಪಿನ ಅಡಿಯಲ್ಲಿ, ತಿಳಿನೀರಿನ ಕೆಳಗೆ ಒಡೆದ ಮಡಕೆ ಕಾಣುವ ಹಾಗೆ, ಒಂದು ಬಿರುಕು. ಬಣ್ಣದ ಮೇಲೆ ಬಣ್ಣ.

“ಅವಳ ಬಣ್ಣದ ಸೀಸೆ ಎಲ್ಲಿದೆ ತಮ್ಮಾ?”

“ಮನೇಲಿ. ಕನ್ನಡಿ ಹತ್ರ. ಅವಳು ಹೋದ ದಿನಾನೇ ಮೇಜಿಂದ ತಂದು ಇಟ್ಕೊಂಡೆ. ಯಾಕೆ?”

“ಈ ಮುಚ್ಚಳ ತೆಗೀ.”

ಅವನು ಹೆಜ್ಜೆ ಹಿಂದಿಟ್ಟ. “ಬೇಡ ಅಕ್ಕ. ಕಾಲಿಗೆ ಬೀಳ್ತೀನಿ. ಅವಳ ಹೆಸರಂತೂ ಹೋಯ್ತು. ಆ ಚುಕ್ಕೆ ಒಡೀಬೇಡಿ. ಹಾಗೇ ನನಗೆ ಕೊಟ್ಟುಬಿಡಿ.”

“ಒಡೆದಾಗಿದೆ ಕಣೋ. ನಿನಗಿಂತ ಮುಂಚೆ ಯಾರೋ ಒಡೆದು, ಮತ್ತೆ ಬಳಿದಿದ್ದಾರೆ.”

ಅವನಿಗೆ ಅರ್ಥವಾಗಲು ಒಂದು ಯುಗ ಹಿಡಿಯಿತು. ತಿರುಪುಳಿಯನ್ನು ಅವನ ಕೈಗೆ ಕೊಟ್ಟೆ. ಕೂದಲಿನಷ್ಟು ತಂತಿಯನ್ನು ಕಣ್ಣುಮುಚ್ಚಿ ಪೋಣಿಸುವ ಆ ಬೆರಳುಗಳು ತಿರುಪಿನ ಗೀರನ್ನು ಹುಡುಕಿ ಹುಡುಕಿ ಜಾರಿದವು. ಕೊನೆಗೆ ಬಣ್ಣ ಚಟ್ಟೆಂದು ಸಿಡಿಯಿತು. ಮುಚ್ಚಳ ಬಂತು.

ಒಳಗೆ ಪುಟ್ಟ ರಾಟೆ. ಅದರ ತೂತಿನಿಂದ ಹಾಯ್ದು, ಮಡಚಿ, ತನ್ನ ಮೈಗೇ ತಾನು ಸುತ್ತಿಕೊಂಡ ತಂತಿಯ ಬಾಲ. ದೀಪಕ್ಕೆ ಬತ್ತಿ ಹೊಸೆದ ಹಾಗೆ.

“ಅವಳ ಹೊಸೆತ ಹೇಗಿರ್ತಿತ್ತು?” ಎಂದೆ.

“ಎಡಕ್ಕೆ ವಾಲಿರ್ತಿತ್ತು. ಇಲ್ಲಿ ಮಿಕ್ಕೋರದ್ದೆಲ್ಲ ಬಲಕ್ಕೆ. ಅವಳದ್ದನ್ನ ಬಿಚ್ಚೋಕೆ ಹೋದ್ರೆ ಇನ್ನೂ ಬಿಗಿ ಆಗ್ತಿತ್ತು. ನಾನು ಬಯ್ತಿದ್ದೆ. ಅವಳು ನಗ್…”

ಅವನು ಕನ್ನಡಿಗೆ ಕಣ್ಣಿಟ್ಟಿದ್ದ.

ಡಬಲ್ ಸಾಹೇಬರು ಅವನ ಹೆಗಲ ಮೇಲಿಂದ ಬಗ್ಗಿದರು. ಒಂದು ಸಲ ನೋಡಿದರು. ಎರಡನೇ ಸಲ ನೋಡಲಿಲ್ಲ; ಅವರ ಜೀವಮಾನದಲ್ಲಿ ಅದೇ ಮೊದಲಿರಬೇಕು.

“ಬಲಕ್ಕಿದೆ,” ಎಂದರು. “ನಿನ್ನ ಕೈನೂ ಅಲ್ಲ, ನನ್ನ ಕೈನೂ ಅಲ್ಲ. ಸಡಿಲ ಸುತ್ತು. ಹೇಗೆ ಕಟ್ಟೋದು ಅಂತ ಕಲಿತಿದಾರೆ, ದಿನಾ ಕಟ್ಟಿ ಅಭ್ಯಾಸ ಇಲ್ಲ. ತಂತೀನೂ ಪರೀಕ್ಷೆಗೆ ಬಗ್ಗಿಸಿ ಬಗ್ಗಿಸಿ ಬಿಸಾಡೋ ಜಾತೀದು. ಮೈಯೆಲ್ಲ ನುಗ್ಗಾಗಿದೆ ನೋಡಿ. ಯಾರೋ ಅವಳ ಹೊಸ ತಂತಿ ತೆಗೆದು ಈ ಮುದಿ ತಂತಿ ಹಾಕಿದ್ದಾರೆ!”

ಯಜಮಾನರು ಎದ್ದು ನಿಂತರು. “ಅಂದ್ರೆ ಹುಡುಗೀದು ತಪ್ಪಿಲ್ಲ?”

“ಎಳ್ಳಷ್ಟೂ ಇಲ್ಲ! ಅವಳ ತಂತಿ ಹರಿದೇ ಇಲ್ಲ. ಅದು ಒಳಗೇ ಇರಲಿಲ್ಲ!” ಸಾಹೇಬರು ಮೇಜು ಗುದ್ದಿದ ರಭಸಕ್ಕೆ ಇಕ್ಕಳಗಳು ಮತ್ತೊಮ್ಮೆ ಕುಣಿದವು. ನಿಂತ ಗಡಿಯಾರ ಒಂದು ಸಲ ಟಿಕ್ ಎಂದಿತು. ಆಣೆ ಮಾಡಿ ಹೇಳುತ್ತೇನೆ.

“ಹಾಗಾದ್ರೆ ಯಾರು ಅಂತ ಹೇಳೀಮ್ಮ,” ಯಜಮಾನರು ನನ್ನ ಕಡೆ ತಿರುಗಿದರು. “ಬರೀ ಯಾರೋ ಅಂದ್ರೆ ಆಸ್ಪತ್ರೆಯೋರು ನಂಬಲ್ಲ. ನಾವೇ ಕಟ್ಟಿದ ಕತೆ ಅಂತಾರೆ. ಹೆಸರು ಬೇಕು. ಒಪ್ಕೊಳ್ಳೋ ಬಾಯಿ ಬೇಕು.”

ಸಂತೋಷಪಡಬೇಕಾದವನು ಒಬ್ಬನಿದ್ದ. ಅವನು ಇದ್ಯಾವುದನ್ನೂ ಕೇಳಿಸಿಕೊಂಡಿರಲಿಲ್ಲ. ರಾಟೆಯನ್ನು ಅಂಗೈಯಲ್ಲಿಟ್ಟುಕೊಂಡು, ಆ ಪರಕೀಯ ತಂತಿಯ ಬಾಲವನ್ನು ಹೆಬ್ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಊಟದ ಮೇಜಿನ ಮೇಲಿಟ್ಟು ಅವನು ಕಾವಲು ಕಾದದ್ದು, ಸುಳ್ಳು ಹೇಳಿ ಉಳಿಸಿಕೊಂಡದ್ದು, ಹೆಂಡತಿಯ ಹೆಸರನ್ನೇ ಪಣಕ್ಕಿಟ್ಟದ್ದು, ಎಲ್ಲ ಗುಜರಿಯ ಒಂದು ತುಂಡಿಗಾಗಿ.

“ಅವಳದ್ದು ಎಲ್ಲಿ?” ಎಂದ ಅವನು. ಯಾರನ್ನೂ ಕೇಳಿದ್ದಲ್ಲ. ಮತ್ತೆ ತಲೆಯೆತ್ತಿ, ತೋಳು ಹಿಡಿದು ನಿಂತಿದ್ದವಳನ್ನು ಕೇಳಿದ. “ಪುಟ್ಟೀ, ಇದು ಅವಳದ್ದಲ್ವಂತೆ. ಅವಳದ್ದು ಎಲ್ಲಿ ಹೋಯ್ತು?”

ಅವನ ಮನೆಗೆ ಬೀಗದ ಕೈ ಎರಡು. ತಂತಿ ಬದಲಾಯಿಸಲು ಅಕ್ಕನೇ ಕೂರಿಸಿ ಕಲಿಸಿದ ಕೈಗಳು ಎರಡು. ಭಾವ ಹೇಗೂ ಹೊಸ ತಂತಿ ಹಾಕುತ್ತಾನೆ, ಅಕ್ಕನ ತಂತಿ ಗುಜರಿಗೆ ಹೋಗುತ್ತದೆ ಎಂದು ಹೆದರಿದ ಜೀವವೂ ಒಂದಿತ್ತು. ನಾನು ತಲೆ ತಗ್ಗಿಸಿದೆ. ತಗ್ಗಿಸಿದ ಕಣ್ಣಿಗೆ ನೆಲ, ನೆಲದ ಮೇಲೆ ಚಪ್ಪಲಿ, ಚಪ್ಪಲಿಯಲ್ಲಿ ಬದನೆ ಬಣ್ಣದ ಒಂದೇ ಒಂದು ಉಗುರು. ನೋಡುತ್ತಿದ್ದಂತೆಯೇ ಆ ಬೆರಳು ಮುದುರಿಕೊಂಡಿತು.

“ನಂಗೇನು ಗೊತ್ತು ಭಾವ,” ಎಂದಳು ನರ್ಸಮ್ಮ.

ನನ್ನ ಮೂಗಿನ ತುದಿ ತುರಿಸಿತು. ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಉಸಿರು ಕಟ್ಟಿದೆ. ಈ ಒಂದು ಸಲ ಸುಮ್ಮನಿರು ಎಂದು ಲೋಕಪ್ರಸಿದ್ಧವಾದ ಆ ಮೂಗನ್ನು ಬೇಡಿಕೊಂಡೆ.

ಕಾರ್ಖಾನೆಯ ಗಾಜುಗಳೆಲ್ಲ ನಡುಗುವಂತೆ ಸೀನಿದೆ.

“ಒಳ್ಳೇದಾಗ್ಲಿ,” ಎಂದರು ಡಬಲ್ ಸಾಹೇಬರು ಅಭ್ಯಾಸದಂತೆ. ಯಜಮಾನರು ಫೋನನ್ನು ಹತ್ತಿರಕ್ಕೆ ಎಳೆದುಕೊಂಡು, “ಹೇಳೀಮ್ಮ, ಯಾರು?” ಎಂದರು.

ಆ ಸೀನು ಯಾರ ಮಾತಿಗೆ ಬಂತೆಂದು ತಿಳಿದವಳು ಆ ಕೋಣೆಯಲ್ಲಿ, ನನ್ನ ಬಿಟ್ಟರೆ, ಒಬ್ಬಳೇ. ಅವಳು ಭಾವನ ತೋಳನ್ನು ಬಿಡದೆ, ಬಣ್ಣ ಹೋದ ಮುಖದಿಂದ, ನನ್ನನ್ನೇ ನೋಡುತ್ತಿದ್ದಳು.